ಮೋಟರ್‌ಹೋಮಿನಲ್ಲಿ ಕಸ್ಟರ್ ಉದ್ಯಾನಕ್ಕೆ: ಕೊನೆಯ ಇಪ್ಪತ್ತು ಮೈಲಿಯ ವಿಚಾರ

ಅಮೆರಿಕದಲ್ಲಿ ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳಲ್ಲಿ, ಬೇಸಗೆಯ ರಜೆಯೂ ಬಂದು, ಊರಿನಿಂದ ತಂದೆತಾಯಿಗಳೂ ಬಂದು, ಹಿರಿಯರು ಮಕ್ಕಳೆಲ್ಲ ಸೇರಿ ಆರೇಳು ಜನ ಒಟ್ಟಿಗೆ ದೂರ ಪ್ರಯಾಣ ಹೊರಡುವ ಸಂದರ್ಭ ಒದಗಿದಾಗ, ಊರೂರಿಗೆ ಹೋಟೆಲು ಹುಡುಕುವುದಕ್ಕಿಂತ ಅಡುಗೆಮನೆ, ಬಚ್ಚಲು, ಹಾಸಿಗೆಗಳೆಲ್ಲ ಒಳಗೇ ಇರುವ ಮೋಟರ್‌ಹೋಮೊಂದನ್ನು ಬಾಡಿಗೆಗೆ ಹಿಡಿಯುವುದೇ ಲೇಸೆಂಬ ಯೋಚನೆ ಸಹಜವಾಗಿ ಮೂಡುತ್ತದೆ. ಯೋಚನೆಯೇನೋ ಒಳ್ಳೆಯದೇ, ಹೊತ್ತಿಗೆ ಸರಿಯಾಗಿ ಬಿಸಿ ಅನ್ನ ಸಾರು, ಮಂಡಿನೋವಿನ ಅಜ್ಜಿಗೆ ಬೇಕೆಂದಾಗ ಕಾಲು ಚಾಚುವ ಅವಕಾಶ, ಇವು ಸಣ್ಣ ಸುಖಗಳಲ್ಲ. ಆದರೆ ಕಾರು ನಡೆಸಿ ಅಭ್ಯಾಸವಾದ ಕೈಗೆ ಮೂವತ್ತೈದು ಅಡಿ ಉದ್ದದ ಬಂಡಿ ದೊರೆತಾಗ ಎದುರಾಗುವ ಕಷ್ಟವು ಹೆದ್ದಾರಿಯ ಸಾವಿರ ಮೈಲಿಯಲ್ಲಿರುವುದಿಲ್ಲ. ಅಲ್ಲಿ ಓಣಿಗಳು ವಿಶಾಲ, ಸೇತುವೆಗಳು ಎತ್ತರ, ತಿರುವುಗಳು ಮೃದು. ಕಷ್ಟವಿರುವುದು ಹೆದ್ದಾರಿಯನ್ನು ಬಿಟ್ಟು ಕಾಡನ್ನೋ ಬೆಟ್ಟವನ್ನೋ ಹೊಕ್ಕ ಮೇಲೆ ಬರುವ ಕೊನೆಯ ಇಪ್ಪತ್ತು ಮೈಲಿಯಲ್ಲಿ. ಆದುದರಿಂದ ಮೋಟರ್‌ಹೋಮಿನ ಪ್ರಯಾಣವನ್ನು ಮನೆಯ ಬಾಗಿಲಿನಿಂದ ಮೊದಲುಮಾಡಿ ಯೋಚಿಸದೆ, ಬಿಡಾರ ಹೂಡುವ ತಾಣದಿಂದ ಹಿಮ್ಮುಖವಾಗಿ ಯೋಚಿಸಿಕೊಂಡು ಬರತಕ್ಕದ್ದೆಂಬುದು ನನ್ನ ನಿಶ್ಚಿತವಾದ ಅಭಿಪ್ರಾಯ.

ಇದಕ್ಕೆ ನಿದರ್ಶನವಾಗಿ ಸೌತ್ ಡಕೋಟ ರಾಜ್ಯದ ಕಸ್ಟರ್ ಸ್ಟೇಟ್ ಪಾರ್ಕನ್ನು ತೆಗೆದುಕೊಳ್ಳೋಣ. ಮೌಂಟ್ ರಶ್‌ಮೋರಿನ ಬಂಡೆಯಲ್ಲಿ ಕಡೆದಿರುವ ನಾಲ್ವರು ಅಧ್ಯಕ್ಷರ ಮುಖಗಳನ್ನು ನೋಡಲು ಹೋಗುವವರು ಹತ್ತಿರದಲ್ಲೇ ಇರುವ ಈ ಉದ್ಯಾನದಲ್ಲಿ ಎರಡು ದಿನ ತಂಗಿ ಬರುವುದುಂಟು. ಎಪ್ಪತ್ತು ಸಾವಿರ ಎಕರೆಗೂ ಮಿಕ್ಕ ವಿಸ್ತಾರ. ಪೈನ್ ಕಾಡು, ಹುಲ್ಲುಗಾವಲು, ಕೊಳಗಳು, ಆಕಾಶಕ್ಕೆ ನೆಟ್ಟ ಸೂಜಿಗಳಂತಿರುವ ಗ್ರಾನೈಟ್ ಕಂಬಗಳು, ಇವುಗಳ ನಡುವೆ ಸಾವಿರಕ್ಕೂ ಹೆಚ್ಚು ಬೈಸನ್ನುಗಳ ಹಿಂಡು. ದೊಡ್ಡ ಬಂಡಿಯವರಿಗೆ ಇದು ಪ್ರಶಸ್ತವಾದ ಸ್ಥಳವೂ ಹೌದು, ಎಚ್ಚರ ತಪ್ಪಿದವರನ್ನು ಪೇಚಿಗೆ ಸಿಕ್ಕಿಸುವ ಸ್ಥಳವೂ ಹೌದು.

ಪೇಚು ಏತರಿಂದ ಎಂಬುದು ಆ ರಸ್ತೆಗಳ ಚರಿತ್ರೆಯನ್ನು ಅರಿತರೆ ಸ್ಪಷ್ಟವಾಗುತ್ತದೆ. 1919ರಲ್ಲಿ ಈ ಕಾಡು ರಾಜ್ಯದ ಉದ್ಯಾನವಾದಾಗ ಅಲ್ಲಿ ಗವರ್ನರಾಗಿದ್ದವರು ಪೀಟರ್ ನಾರ್‌ಬೆಕ್. 1921ರಲ್ಲಿ ಸೆನೆಟರಾಗಿ ರಾಜಧಾನಿಗೆ ಹೋದ ಮೇಲೂ 1936ರಲ್ಲಿ ತೀರಿಕೊಳ್ಳುವವರೆಗೆ ಈ ಬೆಟ್ಟಗಳ ಮೇಲಿನ ಅವರ ಮಮತೆ ಕುಂದಲಿಲ್ಲ. ಬೆಟ್ಟದ ಸೊಬಗನ್ನು ಜನರು ಬಿರುಸಾಗಿ ಓಡುತ್ತ ನೋಡಬಾರದು, ನಿಧಾನವಾಗಿ, ತಿರುತಿರುಗಿ, ನಿಂತು ನಿಂತು ನೋಡಬೇಕೆಂಬುದು ಅವರ ಸಂಕಲ್ಪ. ಕಾಲ್ನಡಿಗೆಯಲ್ಲೂ ಕುದುರೆಯ ಮೇಲೂ ಅಲೆದು ಅವರು ಜಾಡು ಗುರುತಿಸಿದ ನೀಡಲ್ಸ್ ಹೆದ್ದಾರಿ 1922ರಲ್ಲಿ ಮುಗಿಯಿತು. ಆ ಗ್ರಾನೈಟ್ ಸೂಜಿಗಳ ನಡುವೆ ಬಂಡೆಯನ್ನು ಕೊರೆದು ಸುರಂಗಗಳನ್ನು ಮಾಡಿ, ಅಂದಿನ ಪುಟ್ಟ ಮೋಟಾರುಗಳು ಒಂದೊಂದಾಗಿ ನುಸುಳುವಷ್ಟು ದಾರಿ ಬಿಟ್ಟರು. ಆಮೇಲಿನ ದಶಕದಲ್ಲಿ ಆದ ಐರನ್ ಮೌಂಟನ್ ರಸ್ತೆಯಲ್ಲಿ ಇನ್ನೂ ಒಂದು ಚಮತ್ಕಾರ: ಸುರಂಗದ ಬಾಯಿಂದ ಇಣುಕಿದರೆ ರಶ್‌ಮೋರಿನ ಮುಖಗಳು ಚೌಕಟ್ಟಿನೊಳಗಿನ ಚಿತ್ರದಂತೆ ತೋರುವ ಹಾಗೆ ದಾರಿಯನ್ನು ತಿರುಗಿಸಿದ್ದಾರೆ, ಏರು ತೀರ ಕಡಿದಾದ ಕಡೆ ರಸ್ತೆ ತನ್ನನ್ನೇ ತಾನು ಸುತ್ತಿ ತನ್ನ ಮೇಲೆಯೇ ಹಾಯುವಂತೆ ಮರದ ದಿಮ್ಮಿಗಳ ಸೇತುವೆಗಳನ್ನು ಕಟ್ಟಿದ್ದಾರೆ. ಆ ರಸ್ತೆಗಳಲ್ಲಿ ದೊಡ್ಡ ಬಂಡಿ ಸಿಕ್ಕಿಕೊಂಡರೆ ಕೆಲವರು ರಸ್ತೆಯನ್ನು ಬೈಯುತ್ತಾರೆ. ಬೈಯುವುದು ನ್ಯಾಯವಲ್ಲ, ರಸ್ತೆ ತನ್ನ ಉದ್ದೇಶವನ್ನು ನೂರು ವರ್ಷದಿಂದ ಚೆನ್ನಾಗಿಯೇ ನೆರವೇರಿಸಿಕೊಂಡು ಬರುತ್ತಿದೆ.

ಈಗ ಅಳತೆಗೆ ಬರೋಣ. ನೀಡಲ್ಸ್ ಹೆದ್ದಾರಿಯ ಅತ್ಯಂತ ಪ್ರಸಿದ್ಧವಾದ ‘ನೀಡಲ್ಸ್ ಐ’ ಸುರಂಗದ ಅಗಲ 8 ಅಡಿ, ಎತ್ತರ 9 ಅಡಿ 9 ಅಂಗುಲ. ಅದೇ ದಾರಿಯ ಹುಡ್ ಸುರಂಗ 8 ಅಡಿ 9 ಅಂಗುಲ ಅಗಲ, 9 ಅಡಿ 8 ಅಂಗುಲ ಎತ್ತರ. ಮೋಟರ್‌ಹೋಮಾದರೋ, ಪೂರ್ಣ ಗಾತ್ರದ್ದಾದರೆ, ಕನ್ನಡಿಗಳನ್ನು ಬಿಟ್ಟು ಎಂಟೂವರೆ ಅಡಿ ಅಗಲ. ಬಸ್ಸಿನ ಆಕಾರದ ‘ಕ್ಲಾಸ್ ಎ’ ಬಂಡಿಗಳ ಎತ್ತರ ಹನ್ನೆರಡರಿಂದ ಹದಿಮೂರೂವರೆ ಅಡಿ. ಅಂದರೆ ಮೊದಲನೆಯ ಸುರಂಗದಲ್ಲಿ ಬಂಡಿಯೇ ದಾರಿಗಿಂತ ಅರ್ಧ ಅಡಿ ಅಗಲ, ಮೂರು ಅಡಿ ಎತ್ತರ. ಇಲ್ಲಿ ಚಾಲಕನ ಕುಶಲತೆಯ ಪ್ರಶ್ನೆಯೇ ಏಳುವುದಿಲ್ಲ. ಐರನ್ ಮೌಂಟನ್ ರಸ್ತೆಯ ಸುರಂಗಗಳು ಇವಕ್ಕಿಂತ ಅಗಲವಾಗಿದ್ದರೂ ಈ ಜಾತಿಯ ಬಂಡಿಗೆ ಎತ್ತರ ಸಾಲದು. ಹಳೆಯ ಪುಸ್ತಕಗಳಲ್ಲಿ ಇನ್ನಷ್ಟು ಉದಾರವಾದ ಅಂಕಿಗಳು ಕಾಣಸಿಗಬಹುದು. ಅವನ್ನು ನೆಚ್ಚದೆ ಉದ್ಯಾನದವರು ಈಗ ಕೊಡುತ್ತಿರುವ ಅಳತೆಯನ್ನೇ ಪ್ರಮಾಣವೆಂದು ಎಣಿಸಬೇಕು.

ನಿಮ್ಮ ಬಂಡಿಯ ಅಳತೆಯನ್ನು ಬಾಡಿಗೆಯವರ ಕಾಗದದಲ್ಲಿ ಓದಿ ತೃಪ್ತರಾಗಬೇಡಿ. ಛಾವಣಿಯ ಮೇಲೆ ಏರ್‌ಕಂಡಿಷನರ್, ಗಾಳಿಕಿಂಡಿಯ ಮುಚ್ಚಳ, ಆಂಟೆನಾ ಇವೆಲ್ಲ ಇರುತ್ತವೆ. ಅವುಗಳಲ್ಲಿ ಅತಿ ಎತ್ತರದ್ದು ಯಾವುದೋ ಅದರ ನೆತ್ತಿಯಿಂದ ನೆಲಕ್ಕೆ ಟೇಪು ಹಿಡಿದು ಅಳೆದು, ಮೇಲೆ ಅರ್ಧ ಅಡಿ ಸೇರಿಸಿ, ಬಂದ ಅಂಕಿಯನ್ನು ಅಡಿ ಅಂಗುಲಗಳಲ್ಲೇ ದಪ್ಪ ಅಕ್ಷರದಲ್ಲಿ ಬರೆದು ಸ್ಟಿಯರಿಂಗಿನ ಎದುರಿಗೆ ಅಂಟಿಸಬೇಕು. ಮೀಟರಿನ ಲೆಕ್ಕಕ್ಕೆ ಒಗ್ಗಿದವರು ಸೇತುವೆಯ ಫಲಕವನ್ನು ಕಂಡು ಮನಸ್ಸಿನಲ್ಲೇ ಪರಿವರ್ತನೆ ಮಾಡುತ್ತ ಕೂರುವಷ್ಟು ವ್ಯವಧಾನ ಗಂಟೆಗೆ ನಲವತ್ತು ಮೈಲಿಯ ವೇಗದಲ್ಲಿರುವುದಿಲ್ಲ. ನಾರ್ತ್ ಕ್ಯಾರೊಲೈನದ ಡರ್‌ಹಮ್ ನಗರದಲ್ಲಿ ಒಂದು ರೈಲುಸೇತುವೆ ಉಂಟು. ಅದರ ಕೆಳಗಿನ ತೆರವು 11 ಅಡಿ 8 ಅಂಗುಲವಿದ್ದಾಗ ಎಚ್ಚರಿಕೆಯ ಫಲಕ, ಮಿನುಗುವ ದೀಪ ಎಲ್ಲವೂ ಇದ್ದೂ ಲಾರಿಗಳ, ಬಾಡಿಗೆಯ ವ್ಯಾನುಗಳ ಛಾವಣಿಗಳನ್ನು ಅದು ಸಿಪ್ಪೆಯಂತೆ ಸುಲಿದು ಪ್ರಖ್ಯಾತವಾಯಿತು. 2019ರಲ್ಲಿ ಅದನ್ನು 8 ಅಂಗುಲ ಎತ್ತರಿಸಿದರು. ಆಮೇಲೂ ಬಂಡಿಗಳು ಬಡಿಯುವುದು ತಪ್ಪಲಿಲ್ಲ. ತಮ್ಮ ತಲೆಯ ಮೇಲೆ ಎಷ್ಟು ಎತ್ತರವಿದೆಯೆಂಬುದು ತಿಳಿಯದವರಿಗೆ ಫಲಕವಿದ್ದೇನು ಫಲ?

ಮಾರ್ಗಗಳ ವಿಚಾರದಲ್ಲಿ ಕಸ್ಟರ್ ಉದ್ಯಾನ ಒಡ್ಡುವ ಸೂಕ್ಷ್ಮ ಬಲೆ ಯಾವುದೆಂದರೆ, 16ಎ ಎಂಬ ಒಂದೇ ಸಂಖ್ಯೆಯ ಹೆದ್ದಾರಿ ಒಂದು ಭಾಗದಲ್ಲಿ ದೊಡ್ಡ ಬಂಡಿಗೆ ಹಿತವಾಗಿಯೂ ಇನ್ನೊಂದು ಭಾಗದಲ್ಲಿ ಅಸಾಧ್ಯವಾಗಿಯೂ ಇರುವುದು. ಕಸ್ಟರ್ ಪಟ್ಟಣದಿಂದ ಪೂರ್ವಕ್ಕೆ, ಸ್ಟಾಕೇಡ್ ಕೊಳ, ಲೀಜನ್ ಕೊಳಗಳ ಪಕ್ಕದಲ್ಲಿ ಹಾದು ಉದ್ಯಾನದ ವಸತಿಗೃಹವಾದ ಗೇಮ್ ಲಾಡ್ಜಿನವರೆಗೆ ಬರುವ ಭಾಗದಲ್ಲಿ ಸುರಂಗಗಳಿಲ್ಲ. ಅಲ್ಲಿಂದ ಮುಂದೆ ಉತ್ತರಕ್ಕೆ ಹೊರಳಿ ರಶ್‌ಮೋರಿನ ಹತ್ತಿರದ ಕೀಸ್ಟೋನ್ ಪಟ್ಟಣದ ಕಡೆಗೆ ಹತ್ತುವ ಭಾಗವೇ ಐರನ್ ಮೌಂಟನ್ ರಸ್ತೆ. ರಶ್‌ಮೋರಿನ ಮುಖಗಳನ್ನು ನೋಡಿ ಮುಗಿಸಿ, ಕೀಸ್ಟೋನಿನಲ್ಲಿ ನಿಂತು, ಮೊಬೈಲಿನ ನಕ್ಷೆಯಲ್ಲಿ ಗೇಮ್ ಲಾಡ್ಜ್ ಎಂದು ಬೆರಳಾಡಿಸಿದರೆ, ನಿಮ್ಮದು ಮೂವತ್ತೈದು ಅಡಿಯ ಮನೆಯೆಂಬುದನ್ನು ಅರಿಯದ ಆ ಯಂತ್ರ ಹದಿನೇಳು ಮೈಲಿಯ ಹತ್ತಿರದ ದಾರಿಯನ್ನು ಸಂತೋಷದಿಂದಲೇ ತೋರಿಸೀತು. ಆ ಹದಿನೇಳು ಮೈಲಿಯಲ್ಲಿ ಮುನ್ನೂರಕ್ಕೂ ಹೆಚ್ಚು ತಿರುವುಗಳಿವೆ.

ಆದುದರಿಂದ ದೊಡ್ಡ ಬಂಡಿಯವರಿಗೆ ದಾರಿ ಎರಡು. ಪೂರ್ವದಿಂದ, ಎಂದರೆ 90ನೆಯ ಅಂತರರಾಜ್ಯ ಹೆದ್ದಾರಿಯಲ್ಲಿ ರ‍್ಯಾಪಿಡ್ ಸಿಟಿಗೆ ಬಂದವರು, ರಶ್‌ಮೋರಿನ ಕಡೆ ತಿರುಗದೆ 79ನೆಯ ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಹರ್ಮೋಸ ಎಂಬ ಸಣ್ಣ ಊರಿನವರೆಗೆ ಹೋಗಿ, ಅಲ್ಲಿ ಬಲಕ್ಕೆ 36ನೆಯ ರಸ್ತೆಯನ್ನು ಹಿಡಿದರೆ, ಬಯಲಿನಲ್ಲೇ ಸಾಗಿ, ಐರನ್ ಮೌಂಟನ್ ರಸ್ತೆಯ ಕೆಳತುದಿಯ ಆಚೆಗೆ 16ಎಯನ್ನು ಸೇರಿ ಗೇಮ್ ಲಾಡ್ಜಿನ ಬಿಡಾರವನ್ನು ಮುಟ್ಟುತ್ತಾರೆ. ರಶ್‌ಮೋರನ್ನು ಮೊದಲು ನೋಡಿ ಬರುವವರಿಗೆ ಇನ್ನೊಂದು: ರಶ್‌ಮೋರಿನ ಮುಂದಿನಿಂದಲೇ ಪಶ್ಚಿಮಕ್ಕೆ ಹೋಗುವ 244ನೆಯ ರಸ್ತೆಯಲ್ಲಿ 385ನೆಯ ಹೆದ್ದಾರಿಗೆ ಬಂದು, ಎಡಕ್ಕೆ ತಿರುಗಿ ಕಸ್ಟರ್ ಪಟ್ಟಣಕ್ಕಿಳಿದು, ಅಲ್ಲಿಂದ 16ಎಯಲ್ಲಿ ಪೂರ್ವಕ್ಕೆ. ಎರಡೂ ಸುತ್ತು, ಎರಡೂ ನೇರ ದಾರಿಗಿಂತ ಬೇಗ ಮುಟ್ಟಿಸುತ್ತವೆ, ಏಕೆಂದರೆ ಸುರಂಗದ ಬಾಯಲ್ಲಿ ನಿಂತು, ಹಿಂದೆ ಹತ್ತಾರು ಕಾರುಗಳನ್ನಿಟ್ಟುಕೊಂಡು ಮೂವತ್ತೈದು ಅಡಿಯನ್ನು ಹಿಮ್ಮೆಟ್ಟಿಸುವುದಕ್ಕೆ ಎಷ್ಟು ಹೊತ್ತು ಬೇಕೆಂಬುದನ್ನು ಯಾವ ನಕ್ಷೆಯೂ ಹೇಳುವುದಿಲ್ಲ. ಬಂಡಿಯ ಎತ್ತರ, ಅಗಲ, ಉದ್ದ, ತೂಕಗಳನ್ನು ಊಡಿದರೆ ಅದಕ್ಕೆ ತಕ್ಕ ಮಾರ್ಗವನ್ನು ತೋರಿಸುವ ಜಿಪಿಎಸ್ ಯಂತ್ರಗಳು ಮಾರಾಟಕ್ಕಿವೆ, ಕೊಳ್ಳುವುದು ಒಳ್ಳೆಯದು. ಆದರೂ ಆ ಕೊನೆಯ ದಾರಿಯ ರಸ್ತೆಸಂಖ್ಯೆಗಳನ್ನೂ ತಿರುವುಗಳನ್ನೂ ಒಂದು ಚೀಟಿಯಲ್ಲಿ ಬರೆದು ಪಕ್ಕದಲ್ಲಿ ಕೂತವರ ಕೈಗೆ ಕೊಡುವುದು ಅದಕ್ಕಿಂತ ಒಳ್ಳೆಯದು. ಬೆಟ್ಟಗಳ ನಡುವೆ ಮೊಬೈಲಿನ ಸಿಗ್ನಲ್ ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ.

ಬಿಡಾರದ ತಾಣವನ್ನು ಆರಿಸುವ ಕೆಲಸ ಇವೆಲ್ಲಕ್ಕಿಂತ ಮುಂಚಿನದು. ಈ ಉದ್ಯಾನದಲ್ಲಿ ಒಂದು ವರ್ಷ ಮುಂಚಿತವಾಗಿಯೇ ತಾಣವನ್ನು ಕಾದಿರಿಸಬಹುದು. ಬೇಸಗೆಯ ವಾರಾಂತ್ಯಗಳಿಗೆ ಹಾಗೆ ಮಾಡುವುದೇ ಸರಿ. ಆಗಸ್ಟಿನಲ್ಲಿ ಸಮೀಪದ ಸ್ಟರ್ಜಿಸ್ ಪಟ್ಟಣದ ಮೋಟರ್‌ಸೈಕಲ್ ಜಾತ್ರೆಗೆ ಜನ ಲಕ್ಷಗಟ್ಟಲೆ ನೆರೆಯುವಾಗಲೂ, ಸೆಪ್ಟೆಂಬರಿನ ಕೊನೆಯ ಶುಕ್ರವಾರ ಬೈಸನ್ನುಗಳನ್ನು ಒಟ್ಟುಗೂಡಿಸುವ ಉತ್ಸವದ ವೇಳೆಯಲ್ಲೂ, ತಡವಾಗಿ ಎಚ್ಚೆತ್ತವರಿಗೆ ಜಾಗ ದೊರೆಯುವುದು ದುಸ್ತರ. ಸಿಲ್ವನ್ ಕೊಳದ ಚೆಲುವನ್ನು ಚಿತ್ರದಲ್ಲಿ ಕಂಡು ಮರುಳಾಗಿ ಅಲ್ಲೇ ತಾಣ ಬೇಕೆನ್ನುವವರು ಗಮನಿಸತಕ್ಕದ್ದು: ಆ ಬಿಡಾರದಲ್ಲಿ 27 ಅಡಿಗಿಂತ ಉದ್ದದ ಬಂಡಿಗಳಿಗೆ ಎಡೆಯಿಲ್ಲ, ಅದಕ್ಕೆ ಹೋಗುವ ದಾರಿಯಲ್ಲೂ ಕಸ್ಟರ್ ಪಟ್ಟಣದಿಂದ ಬರುವ 89ನೆಯ ರಸ್ತೆಯೊಂದೇ ನಿರಾತಂಕವಾದುದು. 1927ರ ಬೇಸಗೆಯನ್ನು ಅಧ್ಯಕ್ಷ ಕ್ಯಾಲ್ವಿನ್ ಕೂಲಿಜ್ ಕಳೆದ ಗೇಮ್ ಲಾಡ್ಜಿನ ಬಳಿಯ ಬಿಡಾರ ದೊಡ್ಡ ಬಂಡಿಗೆ ಹೆಚ್ಚು ಅನುಕೂಲ. ತಾಣದ ವಿವರದಲ್ಲಿ ಕೊಟ್ಟಿರುವ ಉದ್ದವನ್ನು ಬಂಡಿಯ ಉದ್ದದೊಡನೆ ಮಾತ್ರವಲ್ಲ, ಹಿಂದೆ ಕಾರನ್ನು ಎಳೆದು ತರುವುದಾದರೆ ಅದರ ಉದ್ದದೊಡನೆಯೂ ಕೂಡಿಸಿ ನೋಡಬೇಕು. ಉದ್ಯಾನದ ಪ್ರವೇಶಶುಲ್ಕ ಬೇರೆ, ಬಿಡಾರದ ಶುಲ್ಕ ಬೇರೆ ಎಂಬುದೂ ನೆನಪಿರಲಿ.

ಬಂಡಿಯ ಆಯ್ಕೆಯಲ್ಲಿ ನನ್ನ ಪಕ್ಷಪಾತವನ್ನು ಮರೆಮಾಚುವುದಿಲ್ಲ. ಮೊದಲ ಸಲ ನಡೆಸುವವರಿಗೆ ನಲವತ್ತು ಅಡಿಯ ‘ಕ್ಲಾಸ್ ಎ’ಗಿಂತ, ಚಾಲಕನ ನೆತ್ತಿಯ ಮೇಲೆ ಒಂದು ಅಟ್ಟದ ಹಾಸಿಗೆಯುಳ್ಳ ಇಪ್ಪತ್ತೆಂಟು ಅಡಿಯ ‘ಕ್ಲಾಸ್ ಸಿ’ ಎಷ್ಟೋ ಮೇಲು. ಆರು ಜನಕ್ಕೆ ಅದು ಸಾಕು, ಮಕ್ಕಳಿಗೆ ಆ ಅಟ್ಟವೇ ಸ್ವರ್ಗ. ಲೈಸೆನ್ಸಿನ ವಿಷಯದಲ್ಲಿ ರಾಜ್ಯ ರಾಜ್ಯಕ್ಕೂ ವ್ಯತ್ಯಾಸವುಂಟು: ಕ್ಯಾಲಿಫೋರ್ನಿಯದಲ್ಲಿ 40 ಅಡಿಗಿಂತ ಉದ್ದದ ಮೋಟರ್‌ಹೋಮಿಗೆ, ಟೆಕ್ಸಸ್ಸಿನಲ್ಲಿ 26,000 ಪೌಂಡಿಗಿಂತ ಭಾರದ್ದಕ್ಕೆ ಬೇರೆ ವರ್ಗದ ಲೈಸೆನ್ಸು ಬೇಕು, ನಿಮಗೆ ಲೈಸೆನ್ಸು ಕೊಟ್ಟ ರಾಜ್ಯದ ನಿಯಮವನ್ನು ವಿಚಾರಿಸಿಕೊಳ್ಳಿ.

ಹೊರಡುವ ಮುನ್ನ ವಿಶಾಲವಾದ ಖಾಲಿ ಮೈದಾನವೊಂದರಲ್ಲಿ ಒಂದು ಗಂಟೆಯನ್ನು ವ್ಯಯಿಸಿ. ನೆಲದ ಬಿಳಿಗೆರೆಯೊಂದಕ್ಕೆ ಒತ್ತಿ ಬಂಡಿಯನ್ನು ನಿಲ್ಲಿಸಿ, ಸ್ಟಿಯರಿಂಗನ್ನು ಪೂರ್ತಿ ಒಂದು ಕಡೆಗೆ ತಿರುಗಿಸಿ ಮೆಲ್ಲನೆ ಮುಂದೆ ಚಲಿಸಿದಾಗ, ಹೊರಗೆ ನಿಂತವರಿಗೆ ಒಂದು ವಿಚಿತ್ರ ಕಾಣುತ್ತದೆ: ಮೂತಿ ಬಲಕ್ಕೆ ಹೊರಳುತ್ತಿರುವಾಗ, ಹಿಂದಿನ ಚಕ್ರಗಳ ಆಚೆಗೆ ಚಾಚಿರುವ ಬಾಲ ಎಡಗಡೆಗೆ ಗೆರೆಯನ್ನು ದಾಟಿ ಬರುತ್ತದೆ. ಪೆಟ್ರೋಲ್ ಬಂಕಿನ ಕಂಬಗಳೂ ಪಕ್ಕದ ಓಣಿಯ ಕಾರುಗಳೂ ಪೆಟ್ಟು ತಿನ್ನುವುದು ಈ ಬಾಲದಿಂದ. ಇನ್ನು ಒಳಮಗ್ಗುಲಲ್ಲಿ ಹಿಂದಿನ ಚಕ್ರಗಳು ಮುಂದಿನವುಗಳ ಜಾಡನ್ನು ಹಿಡಿಯದೆ ಮೂಲೆಯನ್ನು ಕೊರೆದು ಬರುತ್ತವೆ. ಆದಕಾರಣ ಬಲತಿರುವಿನಲ್ಲಿ, ಕಾರಿನಲ್ಲಿ ತಿರುಗಿಸುವಲ್ಲಿ ತಿರುಗಿಸದೆ, ನೀವು ಕೂತ ಸ್ಥಳ ಮೂಲೆಯನ್ನು ದಾಟಿದ ಮೇಲೆಯೇ ತಿರುಗಿಸಬೇಕು. ಈ ಎರಡು ಚಲನೆಗಳು ಕಣ್ಣಿಗೆ ಕಟ್ಟಿದರೆ ವಿದ್ಯೆಯ ಮುಕ್ಕಾಲು ಭಾಗ ಬಂದಂತೆ.

ಬೆಟ್ಟದಲ್ಲಿ ಇಳಿಯುವಾಗ ಕಾಲನ್ನು ಬ್ರೇಕಿನ ಮೇಲೆಯೇ ಊರಿಕೊಂಡಿದ್ದರೆ ಅದು ಕಾದು, ನಿಜವಾಗಿ ಬೇಕಾದಾಗ ಕೈಕೊಡುತ್ತದೆ. ಇಳಿಜಾರು ಮೊದಲಾಗುವ ಮುನ್ನವೇ ವೇಗವನ್ನು ತಗ್ಗಿಸಿ, ಕೆಳಗಿನ ಗೇರಿಗೆ ಹಾಕಿ, ಎಂಜಿನ್ನೇ ಬಂಡಿಯನ್ನು ಹಿಡಿದಿರುವಂತೆ ಮಾಡಿ, ಬ್ರೇಕನ್ನು ಬಿಟ್ಟು ಬಿಟ್ಟು ಒತ್ತತಕ್ಕದ್ದು. ಹಿಂದೆ ವಾಹನಗಳ ಸಾಲು ಬೆಳೆದರೆ ರಸ್ತೆಯ ಬದಿಯಲ್ಲಿ ಇದಕ್ಕೆಂದೇ ಬಿಟ್ಟಿರುವ ತೆರವಿಗೆ ಸರಿದು ದಾರಿ ಕೊಡಬೇಕು. ಕ್ಯಾಲಿಫೋರ್ನಿಯದಲ್ಲಿ ಹಿಂದೆ ಐದು ವಾಹನ ಕೂಡಿದರೆ ಹಾಗೆ ಸರಿಯುವುದು ಕಾನೂನೇ. ನೀರಿನ ತೊಟ್ಟಿಯನ್ನು ಊರಿನಲ್ಲೇ ಭರ್ತಿ ಮಾಡಿ ಹೊರಡುವ ಆಸೆಯನ್ನೂ ಅದುಮಿಕೊಳ್ಳಿ: ಐವತ್ತು ಗ್ಯಾಲನ್ ನೀರು ನಾನೂರು ಪೌಂಡಿಗೂ ಮಿಕ್ಕಿ ತೂಗುತ್ತದೆ. ಕಸ್ಟರ್ ಉದ್ಯಾನದ ತಾಣಗಳಲ್ಲಿ ವಿದ್ಯುತ್ತಿನ ಕಂಬವಿದ್ದರೂ ತಾಣಕ್ಕೊಂದರಂತೆ ನಲ್ಲಿಯಾಗಲಿ ಚರಂಡಿಯಾಗಲಿ ಇಲ್ಲವಾದುದರಿಂದ, ದಾರಿಗೆ ಬೇಕಾದಷ್ಟು ಇಟ್ಟುಕೊಂಡು, ಉಳಿದುದನ್ನು ಬಿಡಾರದ ಹತ್ತಿರಕ್ಕೆ ಬಂದ ಮೇಲೆ ತುಂಬಿಕೊಳ್ಳುವುದು ಜಾಣತನ.

ಬಿಡಾರಕ್ಕೆ ಹಗಲಿರುವಾಗಲೇ ಬಂದು ಸೇರಬೇಕೆಂಬ ಮಾತು ಎಲ್ಲರೂ ಹೇಳುವಂಥದು. ಅದರ ಕಾರಣವಿರುವುದು ಹಿಮ್ಮುಖ ಚಾಲನೆಯಲ್ಲಿ. ಒಂದು ತುದಿಯಿಂದ ಹೊಕ್ಕು ಇನ್ನೊಂದು ತುದಿಯಿಂದ ಹೊರಬೀಳುವ ತಾಣಗಳು ಉದ್ಯಾನಗಳಲ್ಲಿ ವಿರಳ. ಬಹುಮಟ್ಟಿಗೆ ಎಲ್ಲ ಕಡೆಯೂ ಬಂಡಿಯನ್ನು ಹಿಂದಕ್ಕೆ ನಡೆಸಿಯೇ ಒಳಗೆ ಸೇರಿಸಬೇಕು. ಕಾರನ್ನು ನಾಲ್ಕು ಚಕ್ರವೂ ನೆಲದ ಮೇಲಿರುವಂತೆ ಎಳೆದು ತಂದಿದ್ದರೆ ಅದನ್ನು ಕಟ್ಟಿಕೊಂಡೇ ಹಿಂದಕ್ಕೆ ಬರುವಂತಿಲ್ಲ. ಮುಂದಿನ ಚಕ್ರಗಳು ಅಡ್ಡ ತಿರುಗಿ ಎಳೆಯುವ ಸರಳು ಬಾಗುತ್ತದೆ. ಮೊದಲು ಅದನ್ನು ಬಿಚ್ಚಿ ಬದಿಗಿಡಬೇಕು. ಆಮೇಲೆ ಚಾಲಕನೂ ಜೊತೆಯವರೂ ಇಳಿದು ತಾಣವನ್ನು ಒಮ್ಮೆ ಸುತ್ತಿ ನೋಡಬೇಕು: ಮೇಜು ಎಲ್ಲಿದೆ, ಬೆಂಕಿ ಹಾಕುವ ಕಬ್ಬಿಣದ ಬಳೆ ಎಲ್ಲಿದೆ, ವಿದ್ಯುತ್ತಿನ ಕಂಬ ಯಾವ ಮಗ್ಗುಲಿಗೆ, ಬಂಡಿಯ ಗೋಡೆ ಹೊರಕ್ಕೆ ಸರಿದು ಕೋಣೆ ಹಿಗ್ಗುವುದಾದರೆ ಅದಕ್ಕೆ ಮರ ಅಡ್ಡಬರುವುದೇ, ಎಲ್ಲಕ್ಕಿಂತ ಮುಖ್ಯವಾಗಿ, ತಲೆಯೆತ್ತಿ, ಕೊಂಬೆಗಳು ಎಷ್ಟು ಕೆಳಗಿವೆ. ನೆಲವನ್ನು ನೋಡುವವರು ಬಹಳ, ಮೇಲೆ ನೋಡುವವರು ಕಡಮೆ.

ಹಿಂದೆ ನಿಂತು ದಾರಿ ತೋರುವ ವಿದ್ಯೆಯಲ್ಲಿ ನಮ್ಮವರಿಗೆ ಹೊಸಬರ ಪಾಠವೇನೂ ಬೇಕಿಲ್ಲ. ನಮ್ಮ ಲಾರಿಯ ಕ್ಲೀನರನು ಹಿಂದಿನ ಮೂಲೆಯಲ್ಲಿ ನಿಂತು, ಬಾಡಿಯನ್ನು ಅಂಗೈಯಿಂದ ತಟ್ಟುತ್ತ, “ಬರ್ಲಿ, ಬರ್ಲಿ, ಬರ್ಲಿ, ಹೋಲ್ಡಾನ್!” ಎಂದು ಕೂಗುವಾಗ ಅದರಲ್ಲಿ ಮೂರು ತತ್ತ್ವಗಳಿವೆ. ಒಂದು, ಕೂಗುವವನು ಒಬ್ಬನೇ; ಮೋಟರ್‌ಹೋಮಿನ ಹಿಂದೆ ಮಾವನವರು ಒಂದು ಕಡೆಯಿಂದ, ಮಗ ಇನ್ನೊಂದು ಕಡೆಯಿಂದ ಸಲಹೆ ಕೊಟ್ಟರೆ ಮರಕ್ಕೆ ಗಂಡಾಂತರ. ಎರಡು, ಅವನು ಚಾಲಕನ ಕನ್ನಡಿಯಲ್ಲಿ ಸದಾ ಕಾಣುವಂತೆ ನಿಲ್ಲುತ್ತಾನೆ. ಕನ್ನಡಿಯಿಂದ ಅವನು ಮರೆಯಾದ ಕ್ಷಣವೇ ಬಂಡಿ ನಿಲ್ಲಬೇಕು. ಮೂರು, ಕ್ಲೀನರನು ಹೋಲ್ಡಾನ್ ಎಂದ ಮೇಲೆ ಡ್ರೈವರು ವಾದಕ್ಕಿಳಿಯುವುದಿಲ್ಲ. ಅಮೆರಿಕದ ಬಂಡಿಗಳಲ್ಲಿ ಸ್ಟಿಯರಿಂಗ್ ಎಡಗಡೆಗಿರುವುದರಿಂದ, ಎಡಮಗ್ಗುಲಿನ ತಾಣವನ್ನು ಆರಿಸಿಕೊಂಡರೆ ಬಂಡಿ ತಿರುಗುವ ಮೂಲೆ ಚಾಲಕನ ಕಣ್ಣೆದುರಿಗೇ ಇರುತ್ತದೆ. ಕಾದಿರಿಸುವಾಗಲೇ ನಕ್ಷೆಯನ್ನು ನೋಡಿ ಇದನ್ನು ಸಾಧಿಸಬಹುದು. ರಾತ್ರಿಯ ವೇಳೆ ಬಿಡಾರಗಳಲ್ಲಿ ಮೌನದ ನಿಯಮವಿರುವುದರಿಂದ, ಕತ್ತಲಲ್ಲಿ ಬಂದವರು “ಬರ್ಲಿ” ಎಂದು ಕೂಗುವ ಹಾಗೂ ಇಲ್ಲ.

ನಿಂತ ಮೇಲೆ ಬಂಡಿಯನ್ನು ಮಟ್ಟಮಾಡಿ, ಚಕ್ರಗಳಿಗೆ ತಡೆಗಟ್ಟೆ ಕೊಟ್ಟು, ಆಮೇಲೆ ವಿದ್ಯುತ್ತು. ಕಂಬದ ಸ್ವಿಚ್ಚನ್ನು ಆರಿಸಿಯೇ ತಂತಿಯನ್ನು ಸಿಕ್ಕಿಸಬೇಕು. ಮೂರು ಕಡ್ಡಿಯ 30 ಆಂಪಿಯರ್ ಪ್ಲಗ್ಗಿನಿಂದ ದೊರೆಯುವುದು 3,600 ವ್ಯಾಟ್. ನಾಲ್ಕು ಕಡ್ಡಿಯ 50 ಆಂಪಿಯರಿನದಾದರೆ 12,000. ಮೊದಲನೆಯದರಲ್ಲಿ ಏರ್‌ಕಂಡಿಷನರ್, ಮೈಕ್ರೋವೇವ್, ಇಡ್ಲಿಹಿಟ್ಟಿನ ಮಿಕ್ಸಿ ಮೂರನ್ನೂ ಒಟ್ಟಿಗೆ ಹಚ್ಚಿದರೆ ದೀಪ ಆರುತ್ತದೆ. ಒಗ್ಗರಣೆಯ ವಾಸನೆಗೆ ಯಾವ ನಿಷೇಧವೂ ಇಲ್ಲ. ಆದರೆ ಊಟದ ಪದಾರ್ಥಗಳನ್ನು ಹೊರಗಿನ ಮೇಜಿನ ಮೇಲೆ ಬಿಟ್ಟು ಮಲಗಕೂಡದು.

ಇನ್ನು ಬೈಸನ್ನುಗಳು, ನಮ್ಮ ಮಲೆನಾಡಿನ ಕಾಟಿಗಳ ದೂರದ ಜ್ಞಾತಿಗಳು. ಬಿಡಾರದೊಳಕ್ಕೂ ಅವು ನಿರ್ಭಯವಾಗಿ ನಡೆದು ಬರುತ್ತವೆ. ಅವುಗಳಿಗೂ ನಿಮಗೂ ನೂರು ಗಜದ ಅಂತರವಿರಲಿ, ಫೋಟೋಕ್ಕೆಂದು ಮಕ್ಕಳನ್ನು ಮುಂದೆ ನಿಲ್ಲಿಸಬೇಡಿ. ಹದಿನೆಂಟು ಮೈಲಿಯ ವನ್ಯಮೃಗ ವೀಕ್ಷಣೆಯ ಸುತ್ತುದಾರಿಯನ್ನೂ, ನೀಡಲ್ಸ್ ಮತ್ತು ಐರನ್ ಮೌಂಟನ್ ರಸ್ತೆಗಳನ್ನೂ ಬಿಟ್ಟು ಬರುವುದು ಮಾತ್ರ ಪಾಪ: ಬಂಡಿಯನ್ನು ಬಿಡಾರದಲ್ಲಿಯೇ ಬಿಟ್ಟು, ಎಳೆದು ತಂದ ಕಾರಿನಲ್ಲೋ, ರ‍್ಯಾಪಿಡ್ ಸಿಟಿಯಲ್ಲಿ ಬಾಡಿಗೆಗೆ ಹಿಡಿದು ಹಿಂದೆಯೇ ತಂದ ಸಣ್ಣ ಕಾರಿನಲ್ಲೋ ಬೆಳಗ್ಗೆಯೇ ಹೊರಡಿ. ನಾರ್‌ಬೆಕ್ ಆ ದಾರಿಗಳನ್ನು ಮಾಡಿಸಿದ್ದು ಅಂಥ ಪ್ರಯಾಣಕ್ಕೇ.

ಹೊರಡುವ ದಿನ ಕೊಳಕು ನೀರಿನ ತೊಟ್ಟಿಗಳನ್ನು ಬಿಡಾರದ ಡಂಪ್ ಸ್ಟೇಷನ್ನಿನಲ್ಲಿ ಖಾಲಿ ಮಾಡುವಾಗ ಕೈಗವಸು ಹಾಕಿಕೊಂಡು, ಮೊದಲು ಶೌಚದ ತೊಟ್ಟಿ, ಆಮೇಲೆ ಸ್ನಾನ ಪಾತ್ರೆಗಳ ನೀರಿನ ತೊಟ್ಟಿ, ಈ ಕ್ರಮವನ್ನು ತಪ್ಪಿಸಬಾರದು. ಎರಡನೆಯದರ ನೀರೇ ಕೊಳವೆಯನ್ನು ತೊಳೆಯುತ್ತದೆ. ತೊಳೆಯಲು ಇಟ್ಟ ನಲ್ಲಿಯಲ್ಲಿ ಕುಡಿಯುವ ನೀರನ್ನು ಎಂದಿಗೂ ಹಿಡಿಯಕೂಡದು. ಆ ಮೇಲೆ ವಿದ್ಯುತ್ತಿನ ತಂತಿ ಒಳಗೆ ಬಂದಿದೆಯೇ, ಆಂಟೆನಾ ಇಳಿದಿದೆಯೇ, ಮೆಟ್ಟಿಲು ಮಡಚಿದೆಯೇ, ಛಾವಣಿಯ ಕಿಂಡಿಗಳು ಮುಚ್ಚಿವೆಯೇ, ಗ್ಯಾಸಿನ ಕವಾಟ ಬಂದಾಗಿದೆಯೇ ಎಂದು ಒಬ್ಬರು ಓದುತ್ತ, ಇನ್ನೊಬ್ಬರು ಕೈಯಿಂದ ಮುಟ್ಟಿ ನೋಡುತ್ತ ಬಂಡಿಯನ್ನು ಒಂದು ಪ್ರದಕ್ಷಿಣೆ ಬರಲಿ. ಹಿಂದಿರುಗುವುದಕ್ಕೂ ಬಂದ 36, 79ರ ದಾರಿಯೇ. ದಕ್ಷಿಣಕ್ಕೆ ಹೋಗುವವರು ಹರ್ಮೋಸದಲ್ಲಿ ಎಡಕ್ಕೆ ತಿರುಗುವ ಬದಲು ಬಲಕ್ಕೆ ತಿರುಗಿದರಾಯಿತು.